ನನ್ನ ಮುಖಕ್ಕೆಂದೇ ಬೆರೆಸಿಕೊಟ್ಟ ಫೌಂಡೇಶನ್: ಬಳಸಿ ನೋಡಿದ ಮೇಲೆ

ಮುಖದ ಬಣ್ಣ ಸಮ ಕಾಣಲಿ ಅಂತ ಹಚ್ಚುವ ಫೌಂಡೇಶನ್ನನ್ನು ನನ್ನ ಚರ್ಮ ಅಳೆದು ಬೆರೆಸಿಕೊಟ್ಟರು. ಬಣ್ಣ ಹೊಂದಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ದವಡೆಯ ಹತ್ತಿರ ಹಚ್ಚಿಕೊಂಡು ಕಿಟಕಿ ಬೆಳಕಿನಲ್ಲಿ ನಿಂತು ನೋಡಿದರೆ ಎಲ್ಲಿ ಹಚ್ಚಿದೆ, ಎಲ್ಲಿ ಬಿಟ್ಟಿದೆ ಅಂತ ಗೊತ್ತಾಗುತ್ತಿರಲಿಲ್ಲ. ನನ್ನ ಹಾಗೆ ಎಣ್ಣೆಗೆಂಪು ಬಣ್ಣದವರಿಗೆ ಇದೇನೂ ಸಣ್ಣ ಸಂತೋಷವಲ್ಲ. ಹಾಗಿದ್ದೂ ಈ ವಿಮರ್ಶೆಯನ್ನು ಪೂರ್ತಿ ಹೊಗಳಿಕೆಯಲ್ಲಿ ಮುಗಿಸುವುದಕ್ಕೆ ಆಗುತ್ತಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ದಾವಣಗೆರೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದ ದಿನಗಳಿಂದಲೂ ಅಂಗಡಿಯವರು ನನಗೆ ಕೊಡುತ್ತಿದ್ದದ್ದು ನನ್ನ ಬಣ್ಣಕ್ಕಿಂತ ಒಂದು ಶೇಡ್ ಬೆಳ್ಳಗಿನ ಫೌಂಡೇಶನ್ನೇ. ‘ಇದು ಹಚ್ಚಿದ್ರೆ ಮುಖ ಬ್ರೈಟ್ ಕಾಣುತ್ತೆ ಅಕ್ಕಾ’ ಅನ್ನುತ್ತಿದ್ದರು. ಮದುವೆ ಫೋಟೋಗಳಲ್ಲಿ ಮುಖ ಬೂದು ಬಣ್ಣ, ಕತ್ತು ಬೇರೆ ಬಣ್ಣ. ಈ ಬೂದು ಎಲ್ಲಿಂದ ಬರುತ್ತದೆ ಅನ್ನುವುದು ಸರಳ. ಫೌಂಡೇಶನ್ನಿನ ಬಣ್ಣ ಹೆಚ್ಚಾಗಿ ನಾಲ್ಕು ಪುಡಿಗಳದ್ದು. ಬಿಳಿಗೆ ಟೈಟಾನಿಯಂ ಡೈಆಕ್ಸೈಡ್. ಹಳದಿ, ಕೆಂಪು, ಕಪ್ಪಿಗೆ ಐರನ್ ಆಕ್ಸೈಡ್. ಗಾಢ ಚರ್ಮದ ಮೇಲೆ ಬಿಳಿ ಪುಡಿ ಜಾಸ್ತಿಯಾದರೆ ಬೂದು ಕಾಣುತ್ತದೆ. ತಿಳಿ ಶೇಡನ್ನೇ ಇಟ್ಟುಕೊಂಡು ಕಪ್ಪು ಸೇರಿಸಿ ಗಾಢ ಮಾಡಿದರೂ ಅದೇ ಕಥೆ. ನಮ್ಮ ಚರ್ಮಕ್ಕೆ ಬೇಕಾದದ್ದು ಹಳದಿ ಮತ್ತು ಕೆಂಪಿನ ಸರಿಯಾದ ಹದ.

ನ್ಯೂಜೆರ್ಸಿಗೆ ಬಂದ ಮೇಲೆ ಆಯ್ಕೆಗಳು ಹೆಚ್ಚಾದವು. 2017ರಲ್ಲಿ ಫೆಂಟಿ ಬ್ಯೂಟಿ ಅನ್ನುವ ಮೇಕಪ್ ಕಂಪನಿ 40 ಶೇಡ್‌ಗಳನ್ನು ಒಟ್ಟಿಗೇ ತಂದ ಮೇಲೆ ಬೇರೆ ಕಂಪನಿಗಳೂ ಎಚ್ಚೆತ್ತುಕೊಂಡವು. ಆದರೂ ನನಗೆ ಸಿಗುತ್ತಿದ್ದದ್ದು ‘ಹತ್ತಿರದ’ ಶೇಡ್. ಒಂದರಲ್ಲಿ ಗುಲಾಬಿ ಜಾಸ್ತಿ, ಇನ್ನೊಂದರಲ್ಲಿ ಕಿತ್ತಳೆ. ಅದಕ್ಕೇ ಚರ್ಮ ಅಳೆದು ಸ್ಥಳದಲ್ಲೇ ಬೆರೆಸಿಕೊಡುವ ಕೌಂಟರ್ ಒಂದು ಇದೆ ಅಂತ ಗೊತ್ತಾದಾಗ ದುಡ್ಡು ಕೂಡಿಸಿಕೊಂಡು ಹೋದೆ.

ಈ ಯೋಚನೆ ಹೊಸದಲ್ಲ. 1979ರಲ್ಲಿ ಶುರುವಾದ ಪ್ರಿಸ್ಕ್ರಿಪ್ಟಿವ್ಸ್ ಅನ್ನುವ ಮೇಕಪ್ ಕಂಪನಿ ಹೆಸರು ಮಾಡಿದ್ದೇ ಕೌಂಟರಿನಲ್ಲಿ ಕಣ್ಣಳತೆಯಲ್ಲಿ ಬೆರೆಸಿಕೊಡುವುದಕ್ಕೆ. ಆಮೇಲೆ ಫ್ರಾನ್ಸಿನ ಲಾಂಕೋಮ್ ಕಂಪನಿ ಬೆರೆಸುವ ಯಂತ್ರ ತಂದು 72,000 ಸಂಯೋಜನೆಗಳು ಸಾಧ್ಯ ಅಂತ ಹೇಳಿಕೊಂಡಿತು. ಫೋನ್ ಕ್ಯಾಮೆರಾದಿಂದ ಚರ್ಮ ಓದುವ ಮ್ಯಾಚ್‌ಕೋ ಅನ್ನುವ ಕಂಪನಿಯನ್ನು 2017ರಲ್ಲಿ ಜಪಾನಿನ ಶಿಸೇಡೊ ಕೊಂಡುಕೊಂಡಿತು. ನಾನು ಹೋಗಿದ್ದು ಇವು ಯಾವುದಕ್ಕೂ ಅಲ್ಲ, ಬೇರೊಂದು ಕಂಪನಿಗೆ. ಹೆಸರು ಬರೆಯುತ್ತಿಲ್ಲ. ನನ್ನ ತಕರಾರು ಈ ಬಗೆಯ ಯಾವ ಸೇವೆಯಲ್ಲೂ ಬರಬಹುದಾದದ್ದು.

ಅಳೆಯುವ ಸಾಧನ ಟಾರ್ಚಿನಷ್ಟು ಗಾತ್ರದ್ದು. ಅದರ ಬಾಯನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತಾರೆ. ಹೊರಗಿನ ಬೆಳಕು ಒಳಗೆ ಹೋಗುವುದಿಲ್ಲ. ಅದರದ್ದೇ ಬೆಳಕು ಚರ್ಮಕ್ಕೆ ತಾಗಿ ವಾಪಸ್ ಬಂದದ್ದನ್ನು ಅಳೆಯುತ್ತದೆ. ಫೋನ್ ಆ್ಯಪ್‌ಗಳಿಗಿಂತ ಇದು ನಂಬಿಕಸ್ಥ ಅನ್ನಿಸುವುದು ಇಲ್ಲೇ. ಫೋನ್ ಕ್ಯಾಮೆರಾ ತಾನೇ ಬಣ್ಣ ತಿದ್ದುತ್ತದೆ. ಟ್ಯೂಬ್‌ಲೈಟ್ ಕೆಳಗೆ ಒಂದು ಶೇಡ್, ಬಾಲ್ಕನಿಯಲ್ಲಿ ಇನ್ನೊಂದು ಶೇಡ್ ತೋರಿಸುತ್ತದೆ.

ಕೌಂಟರಿನ ಹುಡುಗಿ ಹಣೆಯ ನಡುವೆ ಸಾಧನ ಇಡಲು ಬಂದಳು. ಅದು ನಾನು ದಿನಾ ಸ್ಟಿಕರ್ ಇಡುವ ಜಾಗ, ಅಲ್ಲಿ ಬಣ್ಣವೇ ಬೇರೆ. ಸ್ವಲ್ಪ ಪಕ್ಕಕ್ಕೆ ಇಡಿಸಿದೆ. ಬಾಯಿಯ ಸುತ್ತ ನಮ್ಮಲ್ಲಿ ಬಹಳ ಜನಕ್ಕೆ ಕಪ್ಪಿರುತ್ತದೆ, ಅಲ್ಲೂ ಬೇಡ. ಕೆನ್ನೆಯಲ್ಲಿ ಬಂಗು ಇದ್ದರೆ ಅದನ್ನು ಬಿಟ್ಟು ಅಳೆಯಲು ಹೇಳಿ. ಕತ್ತನ್ನು ಮಾತ್ರ ತಪ್ಪದೆ ಅಳೆಸಿ, ಏಕೆಂದರೆ ಮುಖ ಹೊಂದಬೇಕಾದದ್ದು ಕತ್ತಿಗೆ. ಇನ್ನೊಂದು ಮಾತು. ಹಬ್ಬದ ಮಾರನೇ ದಿನ ಹೋಗಬೇಡಿ. ಮುಖಕ್ಕೆ ಹಚ್ಚಿದ ಅರಿಶಿನ ಚರ್ಮದಲ್ಲಿ ಉಳಿದಿರುತ್ತದೆ. ಯಂತ್ರ ಅದನ್ನೂ ನಿಮ್ಮ ಬಣ್ಣ ಅಂತಲೇ ಓದುತ್ತದೆ.

ಅಳೆದ ಬಣ್ಣ ಪರದೆಯ ಮೇಲೆ ಬಂತು. ‘ನಿಮ್ಮಲ್ಲಿ ಹಳದಿ ಜಾಸ್ತಿ, ಕೆಂಪು ಕಡಿಮೆ’ ಅಂದಳು. ಅಷ್ಟೇ. ಬ್ರೈಟ್ ಮಾಡೋಣವಾ ಅಂತ ಕೇಳಲಿಲ್ಲ. ಚಿಕ್ಕಂದಿನಿಂದ ನನ್ನ ಬಣ್ಣದ ಬಗ್ಗೆ ಎಲ್ಲರಿಗೂ ಒಂದು ಅಭಿಪ್ರಾಯ ಇತ್ತು. ಆ ಯಂತ್ರಕ್ಕೆ ಇರಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಅದನ್ನು ಇಲ್ಲಿ ಬರೆಯುವುದಕ್ಕೆ ಸಂಕೋಚವೂ ಇಲ್ಲ.

ಬಾಟಲಿ ಮನೆಗೆ ಬಂದ ಮೇಲೆ ಬೆಳಗಿನ ಹೊತ್ತು ಬದಲಾಯಿತು. ಮುಖ ತೊಳೆದು ಮಾಯಿಶ್ಚರೈಸರ್ ಹಚ್ಚಿ ಟೀಗೆ ನೀರಿಡುತ್ತೇನೆ. ಟೀ ಕುದಿದು ಸೋಸುವ ಹೊತ್ತಿಗೆ ಚರ್ಮ ಅದನ್ನು ಹೀರಿಕೊಂಡಿರುತ್ತದೆ. ಆಮೇಲೆ ಸನ್‌ಸ್ಕ್ರೀನ್. ಟೀ ಕುಡಿದು ಮುಗಿಯುವವರೆಗೂ ಅದಕ್ಕೆ ಬಿಡುವು. ಆಮೇಲೆ ಎಡಗೈ ಹಿಂಬದಿಗೆ ಎರಡು ತೊಟ್ಟು ಫೌಂಡೇಶನ್. ಉಂಗುರ ಬೆರಳಿನಿಂದ ಮೂಗಿನ ಪಕ್ಕದಿಂದ ಹೊರಗೆ ಎಳೆಯಬೇಕು, ನಂತರ ಒದ್ದೆ ಮಾಡಿ ಹಿಂಡಿದ ಸ್ಪಂಜಿನಲ್ಲಿ ಮೆಲ್ಲಗೆ ತಟ್ಟಬೇಕು. ಕೂದಲ ಅಂಚಿಗೆ ಒಂದು ಬೆರಳಿನಷ್ಟು ಮುಂಚೆಯೇ ನಿಲ್ಲಿಸುತ್ತೇನೆ. ತಲೆಗೆ ಕೊಬ್ಬರಿ ಎಣ್ಣೆ ಹಾಕಿದ ದಿನ ಅಲ್ಲಿ ಜಾರುತ್ತದೆ. ಕೊನೆಗೆ ಕಾಡಿಗೆ, ಎಲ್ಲಕ್ಕಿಂತ ಕೊನೆಗೆ ಹಣೆಗೆ ಸ್ಟಿಕರ್. ಮೊದಲು ಬಣ್ಣ ಸರಿಮಾಡಲಿಕ್ಕೆ ಕನ್ಸೀಲರ್, ಪೌಡರ್ ಅಂತ ಎಷ್ಟೆಲ್ಲ ಹಚ್ಚುತ್ತಿದ್ದೆ. ಅದೆಲ್ಲ ನಿಂತಿತು. ಬೇರೆ ಫೌಂಡೇಶನ್‌ಗಳು ಮಧ್ಯಾಹ್ನದ ಹೊತ್ತಿಗೆ ಚರ್ಮದ ಎಣ್ಣೆ ಕುಡಿದು ಗಾಢವಾಗುತ್ತಿದ್ದವು. ಇದೂ ಆಗುತ್ತದೆ, ಆದರೆ ಕಡಿಮೆ. ರಾಜ್ಯೋತ್ಸವದ ಕಾರ್ಯಕ್ರಮದ ಫೋಟೋಗಳಲ್ಲಿ ಮೊದಲ ಸಲ ನನ್ನ ಮುಖ, ಕತ್ತು, ಕೈ ಒಬ್ಬಳೇ ಹೆಂಗಸಿನದು ಅನ್ನಿಸಿತು.

ಇಲ್ಲಿಯವರೆಗೆ ಎಲ್ಲ ಚೆನ್ನ. ಬೇಸಿಗೆಯಲ್ಲಿ ಊರಿಗೆ ಹೋಗಿ ಬಂದೆ.

ದಾವಣಗೆರೆಯ ಬಿಸಿಲು ಗೊತ್ತಲ್ವಾ. ವಾಪಸ್ ಬರುವ ಹೊತ್ತಿಗೆ ನನ್ನ ಬಣ್ಣ ಗಾಢವಾಗಿತ್ತು, ಕೆಂಪೂ ಏರಿತ್ತು. ಅದೇ ಬಾಟಲಿ ಹಚ್ಚಿದರೆ ದವಡೆಯ ಕೆಳಗೆ ಗೆರೆ ಎದ್ದು ಕಾಣುತ್ತಿತ್ತು. ಇದಕ್ಕೆ ಯಂತ್ರವನ್ನು ದೂರುವುದು ಸರಿಯಲ್ಲ. ಅದು ಅಳೆದದ್ದು ಚಳಿಗಾಲದ ಒಂದು ದಿನದ ಚರ್ಮವನ್ನು. ಕೌಂಟರಿಗೆ ಹೋಗಿ, ‘ಇದಕ್ಕೇ ಸ್ವಲ್ಪ ಕೆಂಪು, ಸ್ವಲ್ಪ ಕಪ್ಪು ಸೇರಿಸಿಕೊಡಿ’ ಅಂದೆ. ಆಗುವುದಿಲ್ಲ ಅಂದರು. ಹೊಸದಾಗಿ ಅಳೆಯಬೇಕು, ಹೊಸ ಬಾಟಲಿ ಪೂರ್ತಿ ಬೆಲೆಗೆ ಕೊಳ್ಳಬೇಕು. ಚಿಕ್ಕ ಬಾಟಲಿ ಇಲ್ಲ. ಬೆಲೆಯೋ, ನಾನು ಸಾಮಾನ್ಯವಾಗಿ ಕೊಳ್ಳುವ ಫೌಂಡೇಶನ್ನಿನ ಎರಡರಷ್ಟಕ್ಕೂ ಹೆಚ್ಚು. ಮಗನ ಡೇಕೇರ್ ಕಟ್ಟುವ ಮನೆಯಲ್ಲಿ ಋತುವಿಗೊಂದು ಬಾಟಲಿ ಆಗುವ ಮಾತಲ್ಲ.

ಸರಿ, ನನ್ನ ಅಳತೆಯನ್ನಾದರೂ ಕೊಡಿ ಅಂತ ಕೇಳಿದೆ. ಬಣ್ಣ ಅಳೆಯುವವರು 1976ರಿಂದ ಬಳಸುವ ಸಿಐಇ ಲ್ಯಾಬ್ ಅನ್ನುವ ಪದ್ಧತಿ ಇದೆ. ಮೂರೇ ಅಂಕಿ. ಒಂದು ತಿಳಿಯೋ ಗಾಢವೋ ಹೇಳುತ್ತದೆ, ಒಂದು ಹಸಿರಿನಿಂದ ಕೆಂಪಿನ ಕಡೆಗೆ, ಇನ್ನೊಂದು ನೀಲಿಯಿಂದ ಹಳದಿಯ ಕಡೆಗೆ. ಆ ಮೂರು ಅಂಕಿ ಕೈಯಲ್ಲಿದ್ದರೆ ಯಾವ ಕಂಪನಿಯ ಯಾವ ಶೇಡ್ ನನಗೆ ಹತ್ತಿರ ಅಂತ ಲೆಕ್ಕ ಹಾಕಬಹುದು. ಕೊಡಲಿಲ್ಲ. ಬಾಟಲಿಯ ಮೇಲೆ ನನ್ನ ಹೆಸರಿದೆ, ಕೆಳಗೊಂದು ಸಂಖ್ಯೆ ಇದೆ. ಆ ಸಂಖ್ಯೆಯನ್ನು ಅವರು ಬಿಟ್ಟರೆ ಯಾರೂ ಓದಲಾರರು. ಪೇಂಟ್ ಅಂಗಡಿಯವನಾದರೂ ಗೋಡೆಗೆ ಬೆರೆಸಿದ ಬಣ್ಣದ ಅಳತೆ ಡಬ್ಬದ ಮುಚ್ಚಳದ ಮೇಲೆ ಅಂಟಿಸಿಕೊಡುತ್ತಾನೆ. ನನ್ನ ಚರ್ಮದ ಅಳತೆ ನನಗೇ ಸಿಗುವುದಿಲ್ಲ ಅಂದರೆ ಹೇಗೆ?

ಆಮೇಲೆ ಆ ಅಂಗಡಿಯಿಂದ ಕೌಂಟರನ್ನೇ ತೆಗೆದರು. ಫೋನ್ ಮಾಡಿದರೆ, ಬೇಸ್ (ಬಣ್ಣದ ಪುಡಿ ಬೆರೆಸುವ ಮೂಲ ದ್ರವ) ಬದಲಾಗಿದೆ, ಹಳೇ ಸಂಖ್ಯೆಗೆ ಇನ್ನು ಬೆರೆಸುವುದಿಲ್ಲ ಅನ್ನುವ ಉತ್ತರ ಬಂತು. ನನಗೆ ಸಿಟ್ಟು ಬಂದದ್ದು ಇದಕ್ಕೆ. ರೆಡಿಮೇಡ್ ಶೇಡ್ ನಿಂತರೆ ಅದನ್ನು ಬಳಸುತ್ತಿದ್ದ ಎಲ್ಲರೂ ಒಟ್ಟಿಗೇ ಗಲಾಟೆ ಮಾಡುತ್ತಾರೆ. ನನ್ನೊಬ್ಬಳ ಶೇಡ್ ನಿಂತರೆ ಕೇಳುವವಳು ನಾನೊಬ್ಬಳೇ.

ಸಿಟ್ಟು ಇಳಿದ ಮೇಲೆ ನೋಡಿದರೆ ಒಂದು ಲಾಭ ಕೈಯಲ್ಲಿ ಉಳಿದಿತ್ತು. ಹಳದಿ ಜಾಸ್ತಿ, ಕೆಂಪು ಕಡಿಮೆ ಅನ್ನುವುದು ಈಗ ನನಗೆ ಖಚಿತ. ಅದನ್ನೇ ಹಿಡಿದು ಔಷಧಿ ಅಂಗಡಿಯ ಮೇಕಪ್ ಸಾಮಾನಿನ ಸಾಲಿನಲ್ಲಿ ಎರಡು ಅಗ್ಗದ ಬಾಟಲಿ ಹುಡುಕಿದೆ, ಒಂದು ನನಗಿಂತ ತಿಳಿ, ಒಂದು ಗಾಢ. ಅಂಗೈಯಲ್ಲಿ ಬೆರೆಸಿಕೊಳ್ಳುತ್ತೇನೆ. ಚಳಿಯಲ್ಲಿ ತಿಳಿಯದು ಹೆಚ್ಚು, ಊರಿಂದ ಬಂದ ಮೇಲೆ ಗಾಢದ್ದು ಹೆಚ್ಚು. ಆ ಯಂತ್ರದ ನಿಖರತೆ ಬರುವುದಿಲ್ಲ. ಆದರೆ ಗೆರೆ ಕಾಣುವುದಿಲ್ಲ, ಎರಡೂ ಸೇರಿ ಅದರ ಅರ್ಧ ಬೆಲೆಯೂ ಇಲ್ಲ.

ಮದುವೆ ಗೊತ್ತಾಗಿರುವವರು, ಫೋಟೋ ಮುಖ್ಯ ಅನ್ನುವವರು ಖಂಡಿತ ಅಳೆಸಿ. ದಿನ ಹತ್ತಿರ ಬಂದಾಗ ಅಳೆಸಿ, ಆಮೇಲೆ ಬಿಸಿಲಿಗೆ ಹೋಗಬೇಡಿ. ದಿನನಿತ್ಯಕ್ಕೆ ಬೇಕು ಅನ್ನುವವರು ದುಡ್ಡು ಕೊಡುವ ಮುಂಚೆ ಎರಡು ವಿಷಯ ಕೇಳಿ: ಬಣ್ಣ ಬದಲಾದರೆ ಅದೇ ಬಾಟಲಿಯನ್ನು ತಿದ್ದಿಕೊಡುತ್ತೀರಾ, ಅಳತೆಯ ಅಂಕಿ ಬರೆದುಕೊಡುತ್ತೀರಾ. ಎರಡಕ್ಕೂ ಇಲ್ಲ ಅಂದರೆ ಪರದೆಯ ಮೇಲೆ ಅಂಕಿ ಬಂದ ಕೂಡಲೇ ಕೇಳಿಕೊಂಡು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ತಂಗಿ ಇದೇ ಬಗೆಯ ಇನ್ನೊಂದು ಕಡೆ ಹಾಗೆ ಮಾಡಿದಳು, ಯಾರೂ ಬೇಡ ಅನ್ನಲಿಲ್ಲ.