ಸ್ಟ್ರಾಂಷಿಯಂ ಇರಿಡೇಟ್‌ಗೆ ಲ್ಯಾಂಥನಮ್ಮೋ, ರೋಡಿಯಮ್ಮೋ?

ಎಲೆಕ್ಟ್ರಾನುಗಳ ಲೆಕ್ಕ ನೋಡಿದರೆ, ಸ್ಟ್ರಾಂಷಿಯಂ, ಇರಿಡಿಯಂ, ಆಮ್ಲಜನಕ ಸೇರಿದ ಸ್ಟ್ರಾಂಷಿಯಂ ಇರಿಡೇಟ್ ಲೋಹದಂತೆ ವಿದ್ಯುತ್ ಹರಿಸಬೇಕಿತ್ತು. ಆದರೆ ಇರಿಡಿಯಂನಲ್ಲಿ ಬಲವಾಗಿರುವ ಸ್ಪಿನ್-ಕಕ್ಷೆ ಜೋಡಣೆ (ಎಲೆಕ್ಟ್ರಾನಿನ ಸ್ಪಿನ್ ಎಂಬ ಕಾಂತಗುಣಕ್ಕೂ ಅದರ ಕಕ್ಷೆಯ ಚಲನೆಗೂ ಇರುವ ನಂಟು) ಅದರ ಶಕ್ತಿಪಟ್ಟಿಯನ್ನು, ಅಂದರೆ ಎಲೆಕ್ಟ್ರಾನುಗಳಿಗೆ ಸಿಗುವ ಶಕ್ತಿಮಟ್ಟಗಳ ಹರವನ್ನು, ಸೀಳಿ ಕಿರಿದಾಗಿಸುವುದರಿಂದ, ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯ ಕೈ ಮೇಲಾಗಿ ಅದು ಅವಾಹಕವಾಗುತ್ತದೆ. ಸುಮಾರು 240 ಕೆಲ್ವಿನ್‌ಗಿಂತ ಕೆಳಗೆ ಆಂಟಿಫೆರೋಮ್ಯಾಗ್ನೆಟ್ ಕೂಡ ಆಗುತ್ತದೆ, ಅಂದರೆ ಅಕ್ಕಪಕ್ಕದ ಪರಮಾಣುಗಳ ಕಾಂತೀಯತೆ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಸಾಲುಗೂಡುತ್ತದೆ; ಈ ಸಾಲುಗೂಡುವಿಕೆಯೇ ಕಾಂತಕ್ರಮ. ಕೆಲವು ಪರಮಾಣುಗಳ ಜಾಗಕ್ಕೆ ಬೇರೆ ಧಾತು ಸೇರಿಸಿ ಇದಕ್ಕೆ ವಿದ್ಯುದಾವೇಶ ತುಂಬುವ ಎರಡು ದಾರಿಗಳನ್ನು ಕಲಬುರಗಿಯ ನಮ್ಮ ಪ್ರಯೋಗಾಲಯದಲ್ಲಿ ಪುಡಿಯನ್ನು ಬಿಲ್ಲೆಗಳಾಗಿ (ಪೆಲೆಟ್) ಒತ್ತಿ, ಕುಲುಮೆಯಲ್ಲಿ ಕಾಯಿಸಿ ನೋಡಿದ್ದೇವೆ.

ಮೊದಲನೆಯದು ಸ್ಟ್ರಾಂಷಿಯಂ ಜಾಗಕ್ಕೆ ಲ್ಯಾಂಥನಮ್ ಸೇರಿಸಿ ಎಲೆಕ್ಟ್ರಾನ್ ಕೊಡುವುದು. ಲ್ಯಾಂಥನಮ್ ಆಕ್ಸೈಡ್ ಅಗ್ಗವೇನೋ ಹೌದು, ಆದರೆ ಗಾಳಿಯ ತೇವವನ್ನು ಹೀರಿ ಹೈಡ್ರಾಕ್ಸೈಡ್ ಆಗುತ್ತದೆ. ಇಲ್ಲಿಯ ಬೇಸಿಗೆಯ ಒಣಗಾಳಿಯಲ್ಲಿ ಅಷ್ಟಾಗಿ ಕಾಡದ ಈ ತೊಂದರೆ ಶ್ರಾವಣದ ಮಳೆಯಲ್ಲಿ ತಕ್ಕಡಿಯ ಮೇಲೆಯೇ ಕಾಣುತ್ತದೆ: ಪುಡಿ ಇಟ್ಟ ಮೇಲೂ ಅಂಕಿ ನಿಲ್ಲದೆ ಮೆಲ್ಲಗೆ ಏರುತ್ತಿರುತ್ತದೆ. ಹಾಗಾಗಿ ಪುಡಿಯನ್ನು ರಾತ್ರಿಯಿಡೀ 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ, ತೇವ ತಾಗದ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಆರಿಸಿ, ಹೊರತೆಗೆದ ಕೂಡಲೇ ತೂಗುತ್ತೇವೆ. ಇಷ್ಟಾದರೂ ಲ್ಯಾಂಥನಮ್ ಕೆಲವೇ ಪ್ರತಿಶತಕ್ಕಿಂತ ಹೆಚ್ಚು ಕರಗುವುದಿಲ್ಲ. ಮಿಕ್ಕದ್ದು ಎಕ್ಸ್-ರೇ ಚಿತ್ರದಲ್ಲಿ ಬೇರೆ ಪದಾರ್ಥದ ಶಿಖರಗಳಾಗಿ ತಲೆಯೆತ್ತುತ್ತದೆ.

ರೋಡಿಯಂಗೆ ಈ ಗೋಳಿಲ್ಲ. ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದೆ ಎಂಬುದನ್ನು ಬಿಟ್ಟರೆ, ಇರಿಡಿಯಂ ಜಾಗದಲ್ಲಿ ಅದು ಎಷ್ಟು ಬೇಕಾದರೂ ಕೂರುತ್ತದೆ, ಪೂರ್ತಿ ರೋಡೇಟ್ ಆಗುವವರೆಗೂ. ಕಡಿಮೆ ಪ್ರಮಾಣದಲ್ಲಿ ಅದು ಮೂರು ಧನಾವೇಶದ ಅಯಾನಾಗಿ ಕೂತು ಇರಿಡಿಯಂನಿಂದ ಎಲೆಕ್ಟ್ರಾನ್ ಕಸಿಯುವುದರಿಂದ, ಸೇರುವುದು ರಂಧ್ರಗಳು, ಅಂದರೆ ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು. ನನ್ನ ಆಕ್ಷೇಪವಿರುವುದು ಅದು ಕೂರುವ ಜಾಗದ ಬಗ್ಗೆ: ಕಾಂತೀಯತೆ ನೆಲೆಸಿರುವ ಇರಿಡಿಯಂ-ಆಮ್ಲಜನಕ ಪದರವನ್ನೇ ಅದು ಕೆಡಿಸುತ್ತದೆ, ತನ್ನ ದುರ್ಬಲ ಸ್ಪಿನ್-ಕಕ್ಷೆ ಜೋಡಣೆಯಿಂದ ಇಡೀ ಪದಾರ್ಥದ ಜೋಡಣೆಯ ಸರಾಸರಿಯನ್ನೂ ಇಳಿಸುತ್ತದೆ. ಕಾಂತಕ್ರಮ ಅಳಿಸಲು ಸುಮಾರು 17 ಪ್ರತಿಶತ ರೋಡಿಯಂ ಬೇಕು; ಲ್ಯಾಂಥನಮ್ ಆದರೆ ಸ್ಟ್ರಾಂಷಿಯಂನ ಸುಮಾರು 2 ಪ್ರತಿಶತ ಬದಲಾದರೆ ದೀರ್ಘವ್ಯಾಪ್ತಿಯ ಕ್ರಮ ಕುಸಿಯುತ್ತದೆ.

ಅಳತೆಯಲ್ಲಿ ಎರಡಕ್ಕೂ ಒಂದೇ ಅನುಕೂಲವಿದೆ. ಬೆರಕೆ ಕಡಿಮೆಯಿರುವಾಗ ಕಾಂತಕ್ರಮದ ತಾಪ ದ್ರವ ಸಾರಜನಕದ 77 ಕೆಲ್ವಿನ್‌ಗಿಂತ ಬಹಳ ಮೇಲಿರುವುದರಿಂದ, ದನಗಳ ವೀರ್ಯ ಕಾಪಿಡಲು ಬಳಸುವಂಥ ಕ್ಯಾನೊಂದು ಸಾಕು, ಹೀಲಿಯಂ ಬೇಡ.

ಹೊಸದಾಗಿ ಕೈ ಹಚ್ಚುವ ವಿದ್ಯಾರ್ಥಿ ಕುಲುಮೆ ಪಳಗಿಸಿಕೊಳ್ಳಲು ರೋಡಿಯಂ ಮಾದರಿ ಮಾಡಲಿ. ಆದರೆ ಆವೇಶದ ಪರಿಣಾಮವನ್ನಷ್ಟೇ ಬಿಡಿಸಿ ನೋಡಬೇಕೆನ್ನುವವರಿಗೆ, ಮಳೆಗಾಲದ ರಗಳೆಯ ಸಮೇತ, ಲ್ಯಾಂಥನಮ್ಮನ್ನೇ ಹೇಳುತ್ತೇನೆ.