ಹಳೇ ನಾಣ್ಯದ ಪದಗಳ ಫ್ಲ್ಯಾಶ್‌ಕಾರ್ಡ್ ಆ್ಯಪ್: ಕಾಸಿಗೆ ತಕ್ಕ ಕಜ್ಜಾಯನಾ?

ಹಳೇ ದುಡ್ಡು, ನಾಣ್ಯಕ್ಕೆ ಸಂಬಂಧಪಟ್ಟ ಪದಗಳನ್ನ ಕಲಿಸೋ ಆ್ಯಪ್ ಇದು, ಬೈಯೋದು ಜಾಸ್ತಿ ಇರೋದ್ರಿಂದ ಹೆಸರು ಬೇಡ ಬಿಡಿ.

ಮೊದ್ಲು ಚೆನ್ನಾಗಿರೋದು ಹೇಳ್ಬಿಡ್ತೀನಿ. ಲೆಕ್ಕದ ಪದಗಳ ಸೆಟ್ ಇದೆಯಲ್ಲ, ಅದು ಸೂಪರ್. 3 ಪೈಗೆ 1 ಪೈಸೆ, 4 ಪೈಸೆಗೆ 1 ಆಣೆ, 16 ಆಣೆಗೆ 1 ರೂಪಾಯಿ, ಅಂದ್ರೆ ರೂಪಾಯಿಗೆ 192 ಪೈ ಅಂತ ನಾಣ್ಯಗಳ ಫೋಟೋನ ಸಾಲಾಗಿ ಜೋಡಿಸಿ ತೋರಿಸಿದಾರೆ, 'ಹದಿನಾರಾಣೆ ನಿಜ' ಅನ್ನೋ ಮಾತು ಎಲ್ಲಿಂದ ಬಂತು ಅಂತ ಮಕ್ಕಳಿಗೆ ಬೇರೆ ವಿವರಿಸೋದೇ ಬೇಡ. 1957ರ ಏಪ್ರಿಲ್ 1ಕ್ಕೆ 100ರ ಲೆಕ್ಕ ಬಂದಿದ್ದು, 'ನಯಾ ಪೈಸೆ' 1964ರಲ್ಲಿ ಬರೀ ಪೈಸೆ ಆಗಿದ್ದು, ಆದ್ರೂ ಜನ 25 ಪೈಸೆಗೆ ನಾಲ್ಕಾಣೆ ಅಂತಾನೇ ಅಂತಿದ್ದಿದ್ದು, ಎಲ್ಲಾ ಇದೆ. ನಾಲ್ಕಾಣೆಗಿದ್ದ ಇನ್ನೊಂದು ಹೆಸರು ಪಾವಲಿನೂ ಬಿಟ್ಟಿಲ್ಲ!

ಟಂಕಸಾಲೆ (ನಾಣ್ಯ ಅಚ್ಚು ಹಾಕೋ ಜಾಗ) ಗುರುತಿನ ಕಾರ್ಡೂ ಇಷ್ಟ ಆಯ್ತು. ಇಸವಿ ಕೆಳಗಡೆ ಜೂಮ್ ಮಾಡಿದ್ರೆ ಡೈಮಂಡ್ ಇದ್ರೆ ಮುಂಬೈ, ಸ್ಟಾರ್ ಇದ್ರೆ ಹೈದರಾಬಾದ್, ಚುಕ್ಕಿ ಇದ್ರೆ ನೋಯ್ಡಾ, ಏನೂ ಇಲ್ಲಾಂದ್ರೆ ಕೋಲ್ಕತ್ತಾ.

ಇನ್ನು ಚಿನ್ನದ ನಾಣ್ಯಗಳ ಸೆಟ್. ಅಯ್ಯೋ. ವರಹ ಅಂದ್ರೆ 'ಹಳೆಯ ಚಿನ್ನದ ನಾಣ್ಯ', ಗದ್ಯಾಣ ಅಂದ್ರೂ ಅದೇ, ಹೊನ್ನು ಅಂದ್ರೂ ಅದೇ, ಹಣ ಅಂದ್ರೂ ಅದೇ. ಆಮೇಲೆ ಕ್ವಿಜ್‌ನಲ್ಲಿ 'ಹಳೆಯ ಚಿನ್ನದ ನಾಣ್ಯ ಯಾವುದು?' ಅಂತ ಕೇಳಿ ಈ ನಾಲ್ಕನ್ನೇ ಆಪ್ಷನ್ ಕೊಡ್ತಾರೆ, ವರಹ ಒತ್ತಿದ್ರೆ ತಪ್ಪು ಅಂತ ಕೆಂಪು ಬರುತ್ತೆ, ಸರಿ ಉತ್ತರ ಹೊನ್ನಂತೆ! ವರಹ ಸುಮಾರು 3.4 ಗ್ರಾಂ, ಹಣ ಅದರ ಹತ್ತನೇ ಒಂದು ಪಾಲು ಅಂತ ಒಂದು ಸಾಲು ಹಾಕಿದ್ರೆ ಮುಗೀತಿತ್ತು. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದ ಹಣ ಅಂತೂ ಅರ್ಧ ಗ್ರಾಮೂ ತೂಗಲ್ಲ, ಕೈಜಾರಿದ್ರೆ ಹುಡುಕೋದೇ ಕಷ್ಟ, ಅಂಥದ್ದನ್ನ ವರಹದಷ್ಟೇ ದೊಡ್ಡದಾಗಿ ಫೋಟೋ ಹಾಕಿದ್ರೆ ನೋಡೋರಿಗೆ ಏನು ಗೊತ್ತಾಗ್ಬೇಕು?

ಪ್ಯಾಟಿನಾಗೆ 'ನಾಣ್ಯದ ಮೇಲಿನ ಕೊಳೆ' ಅಂತ ಅರ್ಥ ಕೊಟ್ಟಿರೋದು ಮಾತ್ರ ಡೇಂಜರ್. ಅದು ಲೋಹದ ಮೇಲೆ ವರ್ಷಗಟ್ಟಲೆ ಕೂತು ಆಗಿರೋ ಪದರ, ಕೊಳೆ ಅಂದ್ಕೊಂಡು ಯಾರಾದ್ರೂ ತಿಕ್ಕಿ ಫಳಫಳ ಮಾಡಿದ್ರೆ ಸಂಗ್ರಾಹಕರು ಅರ್ಧ ರೇಟಿಗೂ ಮುಟ್ಟಲ್ಲ.

ಸವಕಲು, ಖೋಟಾ, ಬಿಡಿಗಾಸು ಇವೆಲ್ಲ ಇವೆ, ಪರವಾಗಿಲ್ಲ. ಆಡಿಯೋ ರೋಬೋಟ್ ಓದಿದ ಹಾಗಿದೆ, ಮ್ಯೂಟ್ ಮಾಡ್ಕೊಳ್ಳಿ. ಆಣೆ-ಪೈ ಸೆಟ್ ಫ್ರೀ ಇದೆ, ಅಷ್ಟು ಸಾಕು, ಚಿನ್ನದ ಸೆಟ್ ಸರಿಮಾಡೋ ತನಕ ಪ್ರೀಮಿಯಂಗೆ ದುಡ್ಡು ಹಾಕ್ಬೇಡಿ. 5ಕ್ಕೆ 3 ಸ್ಟಾರ್.