ಡಂಟೋವ್ 30-30 ಕ್ಯಾಮ್: ಐದು ವರ್ಷದ ನಂತರ

ನನ್ನ ಹಾಟ್ ರಾಡ್ (ಹಳೇ ಗಾಡಿಗೆ ಜೋರಿನ ಎಂಜಿನ್ ಕೂರಿಸಿದ್ದು) 1931ರ ಫೋರ್ಡ್ ಮಾಡೆಲ್ ಎ ಕೂಪೆ. ಎಂಜಿನ್ 1964ರ ಷೆವರ್ಲೆ 327, ಅಂದರೆ 327 ಕ್ಯೂಬಿಕ್ ಇಂಚಿನ ವಿ8. ಅದಕ್ಕೆ ಷೆವರ್ಲೆ ಎಂಜಿನಿಯರ್ ಡಂಟೋವ್ ಹೆಸರಿನ 30-30 ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಉಬ್ಬುಗಳಿರುವ ಶಾಫ್ಟ್) ಹಾಕಿ ಐದು ವರ್ಷ ಆಯ್ತು. ನಾನು ಬರೆಯುತ್ತಿರೋದು ಕ್ಯಾಮ್ ಮೇಲೆ ಕೂತು ವಾಲ್ವ್ ಕಡೆಗೆ ಪುಶ್‌ರಾಡ್ ತಳ್ಳುವ ಲಿಫ್ಟರ್‌ಗಳ ಬಗ್ಗೆ. ನಮ್ಮೂರ ಕಡೆ ಟ್ಯಾಪೆಟ್ ಅಂತೀವಲ್ಲ, ಅದೇ.

1964ರ ಕಾರ್ವೆಟ್‌ನ 365 ಮತ್ತು 375 ಅಶ್ವಶಕ್ತಿಯ ಎಂಜಿನ್‌ಗಳಿಗೆ ಬಂದ ಕ್ಯಾಮ್ ಇದು. ಆಮೇಲೆ ಕಮಾರೊ ಜೆಡ್/28ರ 302 ಎಂಜಿನ್‌ಗೂ ಇದೇ ಹೋಯಿತು. ಅರವತ್ತರ ದಶಕದ ಗಾಡಿ ಕಟ್ಟುವವರಿಗೆ ಇದಕ್ಕಿಂತ ಸರಿಯಾದ್ದು ಬೇಡ.

ಮೊದಲ ಸಲ ಲಿಫ್ಟರ್‌ಗಳನ್ನು ಅಗ್ಗಕ್ಕೆ ಸಿಕ್ಕಿತು ಅಂತ ತಗೊಂಡೆ. ಎಂಟು ತಿಂಗಳಿಗೆ ಒಂದು ಸಿಲಿಂಡರ್ ಮಿಸ್ ಹೊಡೆಯೋಕೆ ಶುರು. ಆಯಿಲ್ ಇಳಿಸಿದರೆ ಅದರಲ್ಲಿ ಕಬ್ಬಿಣದ ಪುಡಿ. ಕ್ಯಾಮ್‌ನ ಒಂದು ಲೋಬ್, ಅಂದರೆ ಲಿಫ್ಟರ್ ಎತ್ತುವ ಉಬ್ಬು, ಸವೆದು ದುಂಡಗಾಗಿತ್ತು. ಲೋಬ್ ಸ್ವಲ್ಪ ಓರೆ, ಲಿಫ್ಟರ್‌ನ ಮುಖ ಸ್ವಲ್ಪ ಉಬ್ಬು ಇರಬೇಕು. ಆಗಲೇ ಲಿಫ್ಟರ್ ತಿರುಗುತ್ತಾ ಕೆಲಸ ಮಾಡುತ್ತೆ. ತಿರುಗದೆ ನಿಂತರೆ ಒಂದೇ ಜಾಗದಲ್ಲಿ ಉಜ್ಜಿ ಎರಡೂ ಹಾಳು. ಡಬ್ಬದಲ್ಲಿ ಉಳಿದಿದ್ದ ಎರಡು ಹೊಸ ಲಿಫ್ಟರ್‌ಗಳನ್ನು ಮುಖಕ್ಕೆ ಮುಖ ಇಟ್ಟು ನೋಡಿದೆ. ತೂಗಾಡಬೇಕಿತ್ತು. ಅಂಟಿಸಿದ ಹಾಗೆ ಕೂತವು. ಇಡೀ ಎಂಜಿನ್ ಬಿಚ್ಚಿ ತೊಳೆಯೋಕೆ ನನಗೆ ಎರಡು ತಿಂಗಳ ಮನೆ ಬಾಡಿಗೆಯಷ್ಟು ಹೋಯಿತು. ಮಾರಿದವರು ಫೋನ್ ಕೂಡ ಎತ್ತಲಿಲ್ಲ. ಈ ಸಿಟ್ಟು ಇನ್ನೂ ಇಳಿದಿಲ್ಲ.

ಎರಡನೇ ಸಲ ಒಂದೊಂದನ್ನೂ ಹಾಗೇ ಪರೀಕ್ಷಿಸಿ ಹಾಕಿದೆ. ಲೋಬ್‌ಗಳಿಗೆಲ್ಲ ಸವೆತ ತಡೆಯೋ ಮಾಲಿ ಪೇಸ್ಟ್, ಜಿಂಕ್ ಜಾಸ್ತಿ ಇರೋ ಆಯಿಲ್. ಸ್ಟಾರ್ಟ್ ಆದ ಕೂಡಲೇ 20 ನಿಮಿಷ 2000 ಆರ್‌ಪಿಎಂಗಿಂತ ಕೆಳಗೆ ಇಳಿಸಲಿಲ್ಲ. ಕ್ರ್ಯಾಂಕ್ ಎರಚುವ ಆಯಿಲೇ ಲೋಬ್‌ಗೆ ಗತಿ, ಐಡ್ಲಿಂಗ್‌ನಲ್ಲಿ ಅದು ಸಾಲೋದಿಲ್ಲ.

ಅಲ್ಲಿಂದ ಇಲ್ಲಿವರೆಗೆ ಬರೀ ಖುಷಿ. ಮೂರು ತಿಂಗಳಿಗೊಮ್ಮೆ, ಭಾನುವಾರ ಬೆಳಗ್ಗೆ, ಎಂಜಿನ್ ಬಿಸಿ ಇರುವಾಗಲೇ ವಾಲ್ವ್ ಕವರ್ ತೆಗೀತೀನಿ. ಕ್ರ್ಯಾಂಕ್ ಕಾಲು ಸುತ್ತು ತಿರುಗಿಸುತ್ತಾ, ಸಿಲಿಂಡರ್‌ಗಳು ಉರಿಯುವ 1-8-4-3-6-5-7-2 ಕ್ರಮದಲ್ಲಿ ಹದಿನಾರೂ ವಾಲ್ವ್‌ನ ಸಂದು ಸೆಟ್ ಮಾಡ್ತೀನಿ. ಹೆಸರಲ್ಲೇ ಇದೆಯಲ್ಲ, ಇನ್‌ಟೇಕ್, ಎಕ್ಸಾಸ್ಟ್ ಎರಡಕ್ಕೂ 30 ಥೌ (ಇಂಚಿನ ಸಾವಿರದಲ್ಲೊಂದು ಭಾಗ ಒಂದು ಥೌ), ಅಂದರೆ 0.76 ಮಿ.ಮೀ. ಸಂದಿಗೆ ತೂರಿಸಿದ ಫೀಲರ್ ಗೇಜ್‌ನ ತೆಳು ಪಟ್ಟಿ ಎಳೆದಾಗ ಬೆಣ್ಣೆಯೊಳಗೆ ಚಾಕು ಎಳೆದಷ್ಟು ಹಿಡಿತ ಬೆರಳಿಗೆ ಸಿಗಬೇಕು. ಹಾಸನದಲ್ಲಿ ಅಪ್ಪ ಬುಲೆಟ್‌ನ ಪುಶ್‌ರಾಡ್ ಎರಡು ಬೆರಳಲ್ಲಿ ತಿರುಗಿಸಿ ಟ್ಯಾಪೆಟ್ ಸೆಟ್ ಮಾಡುತ್ತಿದ್ದದ್ದು ಪ್ರತಿ ಸಲ ನೆನಪಾಗುತ್ತೆ. ಆಮೇಲೆ ಸ್ಟಾರ್ಟ್ ಮಾಡಿದರೆ ಹದಿನಾರು ಹೊಲಿಗೆ ಮೆಷಿನ್ ಒಟ್ಟಿಗೆ ಓಡಿದ ಸದ್ದು. ಹೈಡ್ರಾಲಿಕ್ ಲಿಫ್ಟರ್‌ನಲ್ಲಿ ಆಯಿಲ್ ಆ ಸಂದು ತುಂಬಿಬಿಡುತ್ತೆ, ಈ ಸದ್ದು ಬರೋದೇ ಇಲ್ಲ.

ಟ್ರಾಫಿಕ್‌ಗೆ ಮಾತ್ರ ಬೇಡ. 3000 ಆರ್‌ಪಿಎಂ ಕೆಳಗೆ ಎಂಜಿನ್‌ಗೆ ಜೀವವೇ ಇಲ್ಲ, ಸ್ಯಾನ್ ಹೋಸೆಯ ಸಂಜೆ ಸಿಗ್ನಲ್‌ಗಳಲ್ಲಿ ಗಾಡಿ ಜಗ್ಗುತ್ತೆ. ದಿನಾ ಆಫೀಸಿಗೆ ಓಡಿಸುವವರು 1965ರ ಎಲ್79 ಎಂಜಿನ್‌ನ ಹೈಡ್ರಾಲಿಕ್ ಕ್ಯಾಮ್ ನೋಡಿ. ಅದೂ ಆ ಕಾಲದ್ದೇ, 350 ಅಶ್ವಶಕ್ತಿ. ನನ್ನ ಗಾಡಿ ಹೊರಗೆ ಹೋಗೋದು ಭಾನುವಾರ ಮಾತ್ರ. ಹೋದ ವಾರ ನೋಡಿದಾಗ ಹದಿನಾರರಲ್ಲಿ ಎರಡು ವಾಲ್ವ್ ಮಾತ್ರ ಒಂದು ಥೌ ಸಡಿಲ ಆಗಿದ್ದವು.